ಇರುಳಿನಲ್ಲಿ ಹೊಳೆಯುವ ಗಾಳಿ

ಅಮಾವಾಸ್ಯೆಯ ರಾತ್ರಿಯನ್ನು ಕಗ್ಗತ್ತಲೆಯ ರಾತ್ರಿಯೆಂದು ಕರೆಯುವುದು ನಮ್ಮಲ್ಲಿ ವಾಡಿಕೆ. ಆದರೆ ಊರ ದೀಪಗಳಿಗೆ ದೂರವಾದ ಬಯಲಿನಲ್ಲಿ ನಿಂತು, ಮುಖದ ಮುಂದೆ ಕೈಯನ್ನು ಎತ್ತಿ ಹಿಡಿದು ನೋಡಿದರೆ, ಆಕಾಶಕ್ಕೆದುರಾಗಿ ಕೈಯ ಆಕೃತಿಯು ಕಪ್ಪಾಗಿ ಕಾಣುತ್ತದೆ. ಕೈ ಕಪ್ಪಾಗಿ ಕಾಣಬೇಕಾದರೆ ಅದರ ಹಿಂದಿನ ಆಕಾಶವು ಕೈಗಿಂತ ಬೆಳಕಾಗಿರಬೇಕಷ್ಟೆ. ಆ ಬೆಳಕು ಎಲ್ಲಿಂದ ಬಂದಿತು? ನಕ್ಷತ್ರಗಳಿಂದ ಎಂದು ಯಾರಾದರೂ ಥಟ್ಟನೆ ಹೇಳಿಯಾರು. ಆ ಉತ್ತರದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ನಕ್ಷತ್ರಗಳ ಬೆಳಕನ್ನೂ, ಆಕಾಶಗಂಗೆಯ ಬೆಳಕನ್ನೂ, ಸೂರ್ಯನ ಸುತ್ತ ಹರಡಿದ ಧೂಳು ಚೆಲ್ಲುವ ಬೆಳಕನ್ನೂ ಲೆಕ್ಕ ಹಾಕಿ ಕಳೆದ ಮೇಲೆಯೂ ಒಂದು ಪಾಲು ಮಿಗುವುದು. ಅದು ನಾವು ಉಸಿರಾಡುವ ಗಾಳಿಯ ಮೇಲ್ತುದಿಯಿಂದಲೇ ಹೊರಡುವ ಬೆಳಕು. ಇದನ್ನು ಏರ್‌ಗ್ಲೋ ಎನ್ನುತ್ತಾರೆ. ನಾವು ಈ ಪಾಠದಲ್ಲಿ ವಾಯುದೀಪ್ತಿ ಎಂದು ಕರೆಯೋಣ.

ಇದನ್ನು ಧ್ರುವಪ್ರಭೆಯೊಡನೆ ಬೆರೆಸಬಾರದು. ಧ್ರುವಪ್ರಭೆಯು ಉತ್ತರ ದಕ್ಷಿಣ ಧ್ರುವಗಳ ಸಮೀಪದಲ್ಲಿ, ಸೂರ್ಯನ ಕಡೆಯಿಂದ ಬರುವ ವಿದ್ಯುತ್ಕಣಗಳ ಪ್ರಭಾವದಿಂದ, ಕೆಲವು ರಾತ್ರಿ ಮಾತ್ರ ಕುಣಿದು ಮರೆಯಾಗುವ ಬೆಳಕು. ವಾಯುದೀಪ್ತಿಯಾದರೋ ಎಲ್ಲ ದೇಶಗಳ ಮೇಲೆಯೂ, ಎಲ್ಲ ರಾತ್ರಿಗಳಲ್ಲಿಯೂ, ಹಗಲಿನಲ್ಲಿಯೂ ಇದ್ದೇ ಇರುತ್ತದೆ. ಸ್ವೀಡನ್ನಿನ ಆಂಗ್‌ಸ್ಟ್ರಾಮ್ ಎಂಬ ವಿಜ್ಞಾನಿಯು ೧೮೬೮ರಲ್ಲಿ ರೋಹಿತದರ್ಶಕವನ್ನು ಆಕಾಶದತ್ತ ತಿರುಗಿಸಿದಾಗ, ಧ್ರುವಪ್ರಭೆಯಿಲ್ಲದ ಕಡೆಯಲ್ಲಿಯೂ ಹಸಿರು ಬಣ್ಣದ ಒಂದು ಗೆರೆಯನ್ನು ಕಂಡನು. ಅದರ ಅಲೆಯುದ್ದ ೫೫೭.೭ ನ್ಯಾನೋಮೀಟರು, ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗೆ ನ್ಯಾನೋಮೀಟರೆಂದು ಹೆಸರು. ಈ ಗೆರೆ ಯಾವ ಮೂಲವಸ್ತುವಿನದೆಂದು ಅರ್ಧ ಶತಮಾನಕ್ಕೂ ಹೆಚ್ಚುಕಾಲ ಯಾರಿಗೂ ತಿಳಿಯಲಿಲ್ಲ. ಕಡೆಗೆ ೧೯೨೫ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಮೆಕ್‌ಲೆನನ್ ಮತ್ತು ಶ್ರಮ್ ಎಂಬುವರು ಪ್ರಯೋಗಶಾಲೆಯಲ್ಲಿ ಅದೇ ಗೆರೆಯನ್ನು ಹುಟ್ಟಿಸಿ, ಅದು ಆಮ್ಲಜನಕದ ಬಿಡಿ ಪರಮಾಣುವಿನದೆಂದು ತೋರಿಸಿಕೊಟ್ಟರು. ಹೊಸ ಮೂಲವಸ್ತುವನ್ನು ಹುಡುಕುತ್ತಿದ್ದವರಿಗೆ ಸಿಕ್ಕಿದ್ದು ನಮ್ಮ ಉಸಿರಿನ ಹಳೆಯ ನಂಟ.

ಇರುಳಿನಲ್ಲಿ ಸೂರ್ಯನಿಲ್ಲ; ಹಾಗಿದ್ದರೆ ಪರಮಾಣುವಿಗೆ ಬೆಳಗುವ ಶಕ್ತಿ ಎಲ್ಲಿಂದ? ಈ ಪ್ರಶ್ನೆಯಲ್ಲಿಯೇ ಪಾಠದ ತಿರುಳಿದೆ. ನಾವು ನೆಲದ ಮೇಲೆ ಉಸಿರಾಡುವ ಆಮ್ಲಜನಕವು ಎರಡೆರಡು ಪರಮಾಣುಗಳು ಕೂಡಿದ ಅಣುವಾಗಿರುತ್ತದೆ. ನೂರು ಕಿಲೋಮೀಟರಿನ ಎತ್ತರದಲ್ಲಿ ಹಗಲಿನ ತೀಕ್ಷ್ಣವಾದ ನೇರಳಾತೀತ ಕಿರಣಗಳು ಈ ಜೋಡಿಗಳನ್ನು ಮುರಿಯುತ್ತವೆ. ಮುರಿಯಲು ತಗುಲಿದ ಶಕ್ತಿಯು ಎಲ್ಲಿಯೂ ಹೋಗುವುದಿಲ್ಲ. ಬೇರ್ಪಟ್ಟ ಪರಮಾಣುಗಳಲ್ಲಿ ಠೇವಣಿಯಂತೆ ನಿಲ್ಲುತ್ತದೆ. ಅಲ್ಲಿ ಗಾಳಿ ಬಲು ವಿರಳ. ಒಂಟಿ ಪರಮಾಣುಗಳು ಒಂದನ್ನೊಂದು ಸಂಧಿಸಿ ಮತ್ತೆ ಜೋಡಿಯಾಗುವುದಕ್ಕೆ ಬಹಳ ಹೊತ್ತು ಹಿಡಿಯುವುದು. ಸುಗ್ಗಿಯಲ್ಲಿ ಕಣಜಕ್ಕೆ ತುಂಬಿದ ಕಾಳನ್ನು ಒಕ್ಕಲಿಗನು ಮಳೆಗಾಲದಲ್ಲಿ ತೆಗೆದುಣ್ಣುವಂತೆ, ವಾಯುಮಂಡಲವು ಹಗಲಿನಲ್ಲಿ ಕೂಡಿಟ್ಟ ಈ ಶಕ್ತಿಯನ್ನು ಇರುಳೆಲ್ಲ ಸ್ವಲ್ಪಸ್ವಲ್ಪವಾಗಿ ವ್ಯಯಮಾಡುತ್ತದೆ. ಎರಡು ಪರಮಾಣುಗಳು ಕೂಡಿದಾಗ ಉಂಟಾದ ಶಕ್ತಿಭರಿತ ಅಣುವು ಮೂರನೆಯದೊಂದು ಪರಮಾಣುವಿಗೆ ಆ ಶಕ್ತಿಯನ್ನು ದಾಟಿಸುವುದು; ಆ ಮೂರನೆಯದು ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಹಸಿರು ಬೆಳಕನ್ನು ಚೆಲ್ಲಿ ತಣ್ಣಗಾಗುವುದು. ನೆಲದಿಂದ ೯೭ ಕಿಲೋಮೀಟರಿನ ಆಸುಪಾಸಿನಲ್ಲಿ ಇದು ಅತ್ಯಧಿಕವಾಗಿ ನಡೆಯುತ್ತದೆ.

ಆಮ್ಲಜನಕ ಪರಮಾಣುವಿನದೇ ಇನ್ನೊಂದು ಗೆರೆ ಕೆಂಪು. ಅಲೆಯುದ್ದ ೬೩೦ ನ್ಯಾನೋಮೀಟರು. ಇದು ಮಾತ್ರ ೨೫೦ ಕಿಲೋಮೀಟರಿನ ಸುಮಾರಿಗೆ ಹೊರಡುತ್ತದೆ. ಒಂದೇ ಪರಮಾಣು, ಎರಡು ಬಣ್ಣ, ಎರಡು ಎತ್ತರ. ಇದೇಕೆ ಹೀಗೆ? ಕೆಂಪು ಬೆಳಕನ್ನು ಕೊಡಬೇಕಾದ ಪರಮಾಣುವು ತನ್ನ ಶಕ್ತಿಯನ್ನು ಹಿಡಿದುಕೊಂಡು ಸರಾಸರಿ ಸುಮಾರು ೧೧೦ ಸೆಕೆಂಡು ಕಾಯುತ್ತದೆ. ಕೆಳಗಡೆಯ ದಟ್ಟವಾದ ಗಾಳಿಯಲ್ಲಿ ಅಷ್ಟು ಹೊತ್ತು ಯಾರ ಮೈಗೂ ತಾಗದೆ ಇರುವುದು ಸಾಧ್ಯವೇ? ಜಾತ್ರೆಯ ನೂಕುನುಗ್ಗಲಿನಲ್ಲಿ ತುಂಬಿದ ಬಟ್ಟಲು ಹಿಡಿದು ನಿಂತವನ ಸ್ಥಿತಿ ಅದರದು. ಬೇರೆ ಅಣುಗಳ ಡಿಕ್ಕಿಯಲ್ಲಿ ಶಕ್ತಿಯೆಲ್ಲ ಚೆಲ್ಲಿಹೋಗಿ ಬೆಳಕಾಗುವ ಮೊದಲೇ ಬರಿದಾಗುವುದು. ಮೇಲೆ ಮೇಲೆ ಹೋದಂತೆ ಸಂದಣಿ ಕಡಿಮೆ. ಆದುದರಿಂದ ಕೆಂಪು ಅಲ್ಲಿ ಮಾತ್ರ ಉಳಿಯಬಲ್ಲುದು. ಬಣ್ಣವನ್ನು ನೋಡಿ ಎತ್ತರವನ್ನು ಹೇಳಬಹುದಾದ ಈ ಅನುಕೂಲವನ್ನು ನಾವು ಮರೆಯಬಾರದು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಇನ್ನೊಂದು ಹಳದಿ ಗೆರೆಯುಂಟು. ಅಮೆರಿಕದ ಸ್ಲೈಫರ್ ೧೯೨೯ರಲ್ಲಿ ಅದನ್ನು ಗುರುತಿಸಿದನು. ಇದು ಸೋಡಿಯಮ್ಮಿನದು, ನಮ್ಮ ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಮ್ಮಿನದೇ. ಆದರೆ ಸಮುದ್ರದ ಉಪ್ಪು ತೊಂಬತ್ತು ಕಿಲೋಮೀಟರು ಹಾರಿತೆಂದು ತಿಳಿಯಬೇಡಿ. ಭೂಮಿಗೆ ಬಿದ್ದು ಉರಿದುಹೋಗುವ ಉಲ್ಕೆಗಳು ಬಿಟ್ಟುಹೋದ ಪುಡಿ ಇದು. ಆ ಸೋಡಿಯಂ ಓಜೋನಿನಿಂದ ಆಮ್ಲಜನಕವನ್ನು ಕಿತ್ತುಕೊಂಡು, ಮತ್ತೊಂದು ಪರಮಾಣುವಿಗೆ ಬಿಟ್ಟುಕೊಟ್ಟು, ಆ ಕೊಡುಕೊಳ್ಳುವಿಕೆಯಲ್ಲಿ ಹೊಳೆಯುತ್ತದೆಂದು ಚ್ಯಾಪ್‌ಮನ್ ಎಂಬ ಗಣಿತಜ್ಞನು ೧೯೩೯ರಲ್ಲಿ ವಿವರಿಸಿದನು.

ಈ ಹಳದಿ ಬಣ್ಣವೇ ನಮ್ಮನ್ನು ಕೇರಳದ ಕಡಲತೀರಕ್ಕೆ ಕರೆದೊಯ್ಯುತ್ತದೆ. ೧೯೬೩ರ ನವೆಂಬರ್ ೨೧ರ ಸಂಜೆ, ತಿರುವನಂತಪುರದ ಬಳಿಯ ತುಂಬಾ ಎಂಬ ಬೆಸ್ತರ ಹಳ್ಳಿಯಿಂದ ನೈಕ್-ಅಪಾಚೆ ಎಂಬ ಅಮೆರಿಕದ ರಾಕೆಟ್ಟೊಂದು ಮೇಲೇರಿತು. ಭಾರತದ ನೆಲದಿಂದ ಅಂತರಿಕ್ಷದ ಸಂಶೋಧನೆಗೆಂದು ಹಾರಿದ ಮೊದಲ ರಾಕೆಟ್ಟು ಅದು. ಅದರ ತಲೆಯಲ್ಲಿದ್ದುದು ಫ್ರಾನ್ಸಿನಿಂದ ಬಂದ ಸೋಡಿಯಂ ಆವಿಯ ಪಾತ್ರೆ. ನೆಲದ ಮೇಲೆ ಸೂರ್ಯ ಮುಳುಗಿ ಮಬ್ಬು ಕವಿದಿದ್ದರೂ, ನೂರು ಕಿಲೋಮೀಟರಿಗೂ ಮೇಲೆ ಇನ್ನೂ ಬಿಸಿಲಿತ್ತು. ಆ ಬಿಸಿಲಿನಲ್ಲಿ ಬಿಡುಗಡೆಯಾದ ಸೋಡಿಯಂ ಮೋಡವು ತನ್ನದೇ ಹಳದಿ-ಕಿತ್ತಳೆ ಬಣ್ಣದಲ್ಲಿ ಬೆಳಗಿತು. ಮೇಲಿನ ಗಾಳಿ ಆ ಮೋಡವನ್ನು ಎತ್ತ ಎಳೆಯಿತು, ಎಷ್ಟು ಬೇಗ ತಿರುಚಿತು ಎಂಬುದನ್ನು ಛಾಯಾಚಿತ್ರಗಳಿಂದ ಅಳೆದರೆ ಆ ಎತ್ತರದ ಗಾಳಿಯ ವೇಗ ಸಿಕ್ಕುತ್ತದೆ. ಉಲ್ಕೆಗಳು ಪ್ರತಿದಿನ ಸದ್ದಿಲ್ಲದೆ ಮಾಡುವ ಕೆಲಸವನ್ನು ಅಂದು ಮನುಷ್ಯರು ಕೈಯಾರೆ ಮಾಡಿ ನೋಡಿದರೆನ್ನಬಹುದು.

ತುಂಬಾವನ್ನೇ ಏಕೆ ಆರಿಸಿದರು? ದಿಕ್ಸೂಚಿಯ ಮುಳ್ಳನ್ನು ಮೇಲಕ್ಕೂ ಕೆಳಕ್ಕೂ ಆಡುವಂತೆ ತೂಗುಹಾಕಿದರೆ, ಅದು ಸರಿಯಾಗಿ ಮಟ್ಟವಾಗಿ ನಿಲ್ಲುವ ಸ್ಥಳಗಳನ್ನು ಜೋಡಿಸುವ ಗೆರೆಗೆ ಕಾಂತ ವಿಷುವದ್ರೇಖೆ ಎಂದು ಹೆಸರು. ಆ ರೇಖೆ ತುಂಬಾಕ್ಕೆ ಸಮೀಪವಾಗಿಯೇ ಹಾದುಹೋಗುತ್ತಿತ್ತು. ಈ ರೇಖೆಯ ನೆತ್ತಿಯ ಮೇಲೆ ಸುಮಾರು ೧೦೫ ಕಿಲೋಮೀಟರಿನ ಎತ್ತರದಲ್ಲಿ ಹಗಲೆಲ್ಲ ವಿದ್ಯುತ್ತಿನ ಒಂದು ಹೊಳೆ ಹರಿಯುತ್ತದೆ. ವಿಕ್ರಮ ಸಾರಾಭಾಯಿ ಮತ್ತು ಅವರ ಸಂಗಡಿಗರಿಗೆ ಬೇಕಾಗಿದ್ದುದು ಆ ಹೊಳೆಯ ಪಾತ್ರಕ್ಕೇ ಇಳಿದು ನೋಡುವ ಸ್ಥಳ. ಹಳ್ಳಿಯ ಮೇರಿ ಮ್ಯಾಗ್ಡಲೀನ್ ಇಗರ್ಜಿಯನ್ನು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ವಿಜ್ಞಾನಕ್ಕಾಗಿ ಬಿಟ್ಟುಕೊಟ್ಟ ಸಂಗತಿ ಎಲ್ಲರಿಗೂ ಗೊತ್ತಿರುವುದೇ. ತಿರುವನಂತಪುರಕ್ಕೆ ಈ ವಿದ್ಯೆ ಹೊಸದೇನೂ ಆಗಿರಲಿಲ್ಲವೆಂಬುದು ಅಷ್ಟಾಗಿ ಗೊತ್ತಿಲ್ಲ. ಸ್ವಾತಿ ತಿರುನಾಳ್ ಮಹಾರಾಜರು ೧೮೩೭ರಲ್ಲಿಯೇ ಅಲ್ಲಿ ವೀಕ್ಷಣಾಲಯವನ್ನು ಕಟ್ಟಿಸಿದ್ದರು. ಸಂಗೀತಗಾರರಾಗಿ ಹೆಸರಾದ ಮಹಾರಾಜರಿಗೆ ನಕ್ಷತ್ರಗಳ ಮೇಲೂ ಕಣ್ಣಿತ್ತು. ತರುವಾಯ ಬಂದ ಜಾನ್ ಅಲನ್ ಬ್ರೌನ್ ಎಂಬ ಅಧಿಕಾರಿಯು ಭೂಮಿಯ ಕಾಂತಶಕ್ತಿಯ ಏರಿಳಿತವನ್ನು ಅಲ್ಲಿಯೂ ಅಗಸ್ತ್ಯಮಲೆಯ ಶಿಖರದ ಬಳಿಯೂ ವರ್ಷಾನುವರ್ಷ ಬರೆದಿಟ್ಟನು. ಪಾಲಕ್ಕಾಡಿನ ಕಲ್ಪಾತಿಯಲ್ಲಿ ೧೮೯೩ರಲ್ಲಿ ಹುಟ್ಟಿದ ಕೆ.ಆರ್. ರಾಮನಾಥನ್ ಅವರೂ ತರುಣರಾಗಿದ್ದಾಗ ಕೆಲಕಾಲ ಇದೇ ವೀಕ್ಷಣಾಲಯವನ್ನು ನೋಡಿಕೊಂಡವರು. ಮುಂದೆ ಅಹಮದಾಬಾದಿನ ಭೌತ ಸಂಶೋಧನಾಲಯದ ನಿರ್ದೇಶಕರಾದರು.

ತಿರುವನಂತಪುರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯದವರು ವಾಯುದೀಪ್ತಿಯನ್ನು ಹಗಲಿನಲ್ಲಿಯೇ ಅಳೆಯುವ ಸಾಹಸಕ್ಕೆ ಕೈಹಾಕಿದರು. ಹಗಲಿನ ಆಕಾಶದ ಪ್ರಕಾಶದೆದುರು ಈ ಬೆಳಕು ಜಾತ್ರೆಯ ಗದ್ದಲದಲ್ಲಿ ಪಿಸುಮಾತಿನಂತೆ. ಕೂದಲೆಳೆಯಷ್ಟು ಅಗಲದ ಬಣ್ಣದ ಪಟ್ಟಿಯೊಂದನ್ನು ಮಾತ್ರ ಸೋಸಿಕೊಂಡು, ಅದರ ಪಕ್ಕದ ಪಟ್ಟಿಯೊಡನೆ ಹೋಲಿಸಿ, ಹೆಚ್ಚಿಗೆ ಕಂಡುದಷ್ಟೇ ಗಾಳಿಯ ಸ್ವಂತ ಬೆಳಕೆಂದು ಲೆಕ್ಕ ಹಿಡಿಯಬೇಕು. ಇಷ್ಟು ಕಷ್ಟ ಏಕೆಂದರೆ, ಕಾಂತ ವಿಷುವದ್ರೇಖೆಯ ಮೇಲಿನ ವಾಯುಮಂಡಲವು ಸೂರ್ಯಾಸ್ತವಾದ ಕೂಡಲೇ ಕೆಲವು ದಿನ ಕುದಿಯುವ ಗಂಜಿಯಂತೆ ಗುಳ್ಳೆಯೇಳುತ್ತದೆ. ವಿದ್ಯುತ್ಕಣಗಳು ವಿರಳವಾದ ಆ ಗುಳ್ಳೆಗಳು ನೂರಾರು ಕಿಲೋಮೀಟರು ಮೇಲಕ್ಕೆದ್ದು ರೇಡಿಯೋ ಸಂಕೇತಗಳನ್ನೂ, ಹಡಗು ವಿಮಾನಗಳಿಗೆ ದಾರಿ ತೋರಿಸುವ ಉಪಗ್ರಹಗಳ ಸಂಕೇತಗಳನ್ನೂ ಕದಡುತ್ತವೆ. ಗುಳ್ಳೆಯಿದ್ದಲ್ಲಿ ಕೆಂಪು ವಾಯುದೀಪ್ತಿ ಮಂಕಾಗುತ್ತದೆ. ಹಗಲಿನ ಬೆಳಕನ್ನು ಓದಿ ಸಂಜೆಯ ಗುಳ್ಳೆಯನ್ನು ಮುಂಗಂಡು ಹೇಳಬಹುದೇ ಎಂಬುದು ಅವರ ಪ್ರಶ್ನೆ. ಕೊಚ್ಚಿಯ ಬಂದರಿಗೆ ರಾತ್ರಿ ಹೊತ್ತು ಬರುವ ಹಡಗಿಗೆ ಇದು ಪುಸ್ತಕದ ಪ್ರಶ್ನೆಯಲ್ಲ.

ಆದರೆ ನೆಲದ ಮೇಲಿನ ಉಪಕರಣಕ್ಕೆ ಎರಡು ವೈರಿಗಳು. ಒಂದು ಮೋಡ. ಕೇರಳದಲ್ಲಿ ಮುಂಗಾರು ಮುಗಿಯುವಷ್ಟರಲ್ಲಿ ತುಲಾಮಾಸದ ಮಳೆ ಕಾದಿರುತ್ತದೆ. ತಿಂಗಳುಗಟ್ಟಲೆ ಆಕಾಶವೇ ಕಾಣದು. ಇನ್ನೊಂದು ನಮ್ಮ ದೀಪಗಳು. ಕೊಚ್ಚಿಯ ಮಗ್ಗುಲಲ್ಲಿ, ಪೆರಿಯಾರ್ ನದಿಯ ಕವಲುಗಳ ನಡುವೆ ಏಲೂರ್ ಎಂಬ ದ್ವೀಪವಿದೆ. ೧೯೪೦ರ ದಶಕದಲ್ಲಿ ಅಲ್ಲಿ ಗೊಬ್ಬರದ ದೊಡ್ಡ ಕಾರ್ಖಾನೆ ನೆಲೆನಿಂತಿತು. ಉದ್ಯೋಗಮಂಡಲವೆಂಬ ಹೆಸರು ಅಲ್ಲಿಗೆ ಬಂದಿತು. ಕರಾವಳಿಯ ಮೋನಜೈಟ್ ಮರಳಿನಿಂದ ವಿರಳ ಲೋಹಗಳನ್ನು ಬೇರ್ಪಡಿಸುವ ಕಾರ್ಖಾನೆಯೂ ೧೯೫೨ರಲ್ಲಿ ಸೇರಿಕೊಂಡಿತು. ಇರುಳೆಲ್ಲ ದೀಪ ಉರಿಯುವ ಅಂಥ ಊರಿಗೂ ವಾಯುದೀಪ್ತಿಗೂ ಎಣ್ಣೆ ಸೀಗೆಯ ಸಂಬಂಧ. ನಮ್ಮ ಬೆಂಗಳೂರಿನ ಮಾತೂ ಇದೇ, ಏಲೂರನ್ನು ಆಡಿಕೊಳ್ಳಬೇಕಾದುದಿಲ್ಲ. ಅಲ್ಲದೆ, ಗಾಳಿಯ ಬೆಳಕನ್ನು ನೆಲದಿಂದ ಮರೆಮಾಡುವ ಇದೇ ಸೀಮೆಯು ಅದನ್ನು ಮೇಲಿನಿಂದ ನೋಡುವುದಕ್ಕೂ ನೆರವಾಗಿದೆ: ಏಲೂರಿನ ನೆರೆಯ ಆಲುವಾದಲ್ಲಿ ನಮ್ಮ ಬಾಹ್ಯಾಕಾಶ ಸಂಸ್ಥೆಗಾಗಿ ಅಮೋನಿಯಂ ಪರ್‌ಕ್ಲೋರೇಟ್ ಎಂಬ ಲವಣವನ್ನು ತಯಾರಿಸುತ್ತಾರೆ. ಗಾಳಿಯಿಲ್ಲದ ಎಡೆಯಲ್ಲಿ ರಾಕೆಟ್ಟಿನ ಇಂಧನ ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುವುದು ಈ ಲವಣವೇ.

ಮೋಡಗಳ ಮೇಲಿನಿಂದ ನೋಡುವುದರಲ್ಲಿ ಇನ್ನೂ ಒಂದು ಲಾಭವಿದೆ. ಕೆಂಪಿಗಿಂತ ದೀರ್ಘವಾದ ಅಲೆಗಳು, ಅಂದರೆ ಅವಕೆಂಪು ಕಿರಣಗಳು, ನಮ್ಮ ಕಣ್ಣಿಗೆ ಕಾಣವು. ಆದರೆ ವಾಯುದೀಪ್ತಿಯ ಮುಖ್ಯ ಭಂಡಾರವಿರುವುದು ಅಲ್ಲಿಯೇ. ೧೯೫೦ರಲ್ಲಿ ಅಮೆರಿಕದ ಏಡನ್ ಮೈನೆಲ್ ಇದರ ಗುಟ್ಟನ್ನು ಬಿಡಿಸಿದನು. ಜಲಜನಕದ ಪರಮಾಣುವೊಂದು ಓಜೋನಿನ ಅಣುವಿಗೆ ತಾಗಿ ಒಂದು ಆಮ್ಲಜನಕವನ್ನು ಕಸಿದುಕೊಂಡಾಗ ಹೈಡ್ರಾಕ್ಸಿಲ್ ಎಂಬ ಪುಟ್ಟ ಜೋಡಿ ಹುಟ್ಟುತ್ತದೆ. ಅದು ಹುಟ್ಟುವಾಗಲೇ ಮೀಟಿದ ವೀಣೆಯ ತಂತಿಯಂತೆ ಕಂಪಿಸುತ್ತಿರುತ್ತದೆ. ಕಂಪನ ಇಳಿಯುತ್ತ ಬಂದಂತೆ ಅವಕೆಂಪು ಕಿರಣಗಳು ಹೊರಡುತ್ತವೆ. ಇದರ ಎತ್ತರ ಸುಮಾರು ೮೭ ಕಿಲೋಮೀಟರು. ವಾಯುದೀಪ್ತಿಯನ್ನು ಅಳೆಯುವ ಮಾನಕ್ಕೆ ರೇಲಿ ಎಂದು ಹೆಸರು. ಹಸಿರು ಗೆರೆ ಕೆಲವು ನೂರು ರೇಲಿಯಷ್ಟಿದ್ದರೆ, ಹೈಡ್ರಾಕ್ಸಿಲಿನ ಒಟ್ಟು ಬೆಳಕು ಹತ್ತು ಲಕ್ಷ ರೇಲಿಯ ಸುಮಾರಿಗೆ ಇರುತ್ತದೆ. ನಮ್ಮ ಕಣ್ಣು ಅವಕೆಂಪನ್ನು ಕಾಣುವಂತಿದ್ದರೆ ಅಮಾವಾಸ್ಯೆ ಎಂಬ ಮಾತಿಗೆ ಈಗಿನ ಅರ್ಥ ಬರುತ್ತಿರಲಿಲ್ಲ. ಅತಿ ದೂರದ ನಕ್ಷತ್ರಲೋಕಗಳನ್ನು ಅವಕೆಂಪಿನಲ್ಲಿ ನೋಡಬಯಸುವ ಖಗೋಳಜ್ಞರು ಈ ಬೆಳಕನ್ನು ಶಪಿಸುವುದುಂಟು. ಒಬ್ಬರ ಕಸ ಇನ್ನೊಬ್ಬರ ರಸ.

ನೆಲದಿಂದ ಅವಕೆಂಪಿನ ಕೆಲವು ಪಟ್ಟಿಗಳನ್ನು ನೋಡಬಹುದು. ಬಹುಪಾಲು ಪಟ್ಟಿಗಳನ್ನು ನೀರಾವಿಯೂ ಇಂಗಾಲದ ಡೈಆಕ್ಸೈಡೂ ನಡುವೆಯೇ ಹೀರಿಬಿಡುತ್ತವೆ. ಸಾಲದುದಕ್ಕೆ, ಸಾಧಾರಣ ಬೆಚ್ಚಗಿನ ವಸ್ತುಗಳೆಲ್ಲವೂ ಹತ್ತು ಮೈಕ್ರೋಮೀಟರಿನ ಆಸುಪಾಸಿನ ಅವಕೆಂಪನ್ನು ತಾವೇ ಸೂಸುತ್ತಿರುತ್ತವೆ: ಗೋಡೆ, ಮರ, ನಾವು, ದೂರದರ್ಶಕದ ಕೊಳವೆ ಸಹ. ದೀಪದ ಮೈಯಲ್ಲೇ ಕುಳಿತು ಮಿಣುಕುಹುಳವನ್ನು ಹುಡುಕಿದಂತಾಗುವುದು. ಆದಕಾರಣ ಅವಕೆಂಪು ದೂರದರ್ಶಕವನ್ನು ಗಾಳಿಯ ಮೇಲಕ್ಕೆ ಒಯ್ಯಬೇಕು. ಅದರ ಸಂವೇದಕವನ್ನು ಅತಿಯಾಗಿ ತಣಿಸಬೇಕು.

೨೦೦೧ರ ಡಿಸೆಂಬರ್ ೭ರಂದು ಅಮೆರಿಕದವರು ಹಾರಿಸಿದ ಟೈಮ್ಡ್ ಎಂಬ ಉಪಗ್ರಹದಲ್ಲಿ ಸೇಬರ್ ಎಂಬ ಇಂಥದೊಂದು ಉಪಕರಣವಿತ್ತು. ಅದರ ಸಂವೇದಕವನ್ನು ಸೊನ್ನೆಗಿಂತ ಸುಮಾರು ೨೦೦ ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಇಟ್ಟಿದ್ದರು. ಅದು ನೇರವಾಗಿ ಕೆಳಗೆ ನೋಡುವುದಿಲ್ಲ. ೬೨೫ ಕಿಲೋಮೀಟರಿನ ಎತ್ತರದಿಂದ ಭೂಮಿಯ ಅಂಚಿನತ್ತ ನೋಡುತ್ತದೆ. ಇದರ ಮರ್ಮವನ್ನು ಒಂಬತ್ತನೆಯ ತರಗತಿಯವರು ಪೈಥಾಗೊರಸನ ಪ್ರಮೇಯದಿಂದ ತಾವೇ ಕಂಡುಕೊಳ್ಳಬಹುದು. ಹೊಳೆಯುವ ಪದರ ಹತ್ತು ಕಿಲೋಮೀಟರು ದಪ್ಪವೆಂದು ಹಿಡಿಯಿರಿ. ಅದರ ತಳವು ಭೂಕೇಂದ್ರದಿಂದ ೬,೪೫೮ ಕಿಲೋಮೀಟರು ದೂರವಿರಲಿ. ತಳವನ್ನು ಸವರಿಕೊಂಡು ಹೋಗುವ ದೃಷ್ಟಿರೇಖೆಯು ಪದರದೊಳಗೆ ಸುಮಾರು ೭೨೦ ಕಿಲೋಮೀಟರು ಸಾಗುವುದು. ನೇರವಾಗಿ ನೋಡಿದರೆ ಹತ್ತೇ. ಅಂಚಿನಲ್ಲಿ ನೋಡಿದರೆ ಎಪ್ಪತ್ತೆರಡು ಮಡಿ. ತೆಳುವಾದ ಗಾಜಿನ ಹಾಳೆ ಎದುರಿನಿಂದ ಕಾಣದಿದ್ದರೂ ಅಂಚಿನಲ್ಲಿ ಹಸಿರಾಗಿ ಕಾಣುವುದಿಲ್ಲವೇ? ಜೊತೆಗೆ ಹಿನ್ನೆಲೆಯಲ್ಲಿ ಬೆಚ್ಚಗಿನ ಭೂಮಿಯಿರದೆ ತಣ್ಣಗಿನ ಆಕಾಶವಿರುತ್ತದೆ. ನೆಲದ ಮೇಲೆ ನಿಂತವರಿಗೂ ಇದರ ಅಲ್ಪ ಪ್ರಸಾದವುಂಟು: ವಾಯುದೀಪ್ತಿಯನ್ನು ಕಾಣಬೇಕಾದರೆ ನೆತ್ತಿಯನ್ನು ಬಿಟ್ಟು, ದಿಗಂತದಿಂದ ಹತ್ತು ಹದಿನೈದು ಡಿಗ್ರಿ ಮೇಲೆ ನೋಡಬೇಕು.

ಭಾರತವೂ ಇದೇ ಅಂಚಿನ ಉಪಾಯವನ್ನು ಹಿಡಿಯಿತು. ೨೦೧೧ರ ಏಪ್ರಿಲ್ ೨೦ರಂದು ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ. ರಾಕೆಟ್ಟು ಯೂತ್‌ಸ್ಯಾಟ್ ಎಂಬ ೯೨ ಕಿಲೋಗ್ರಾಮಿನ ಪುಟ್ಟ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ರಷ್ಯದವರೂ ನಾವೂ ಕೂಡಿ ಮಾಡಿದ ಉಪಗ್ರಹವಿದು. ಅದರಲ್ಲಿದ್ದ ಲಿವ್‌ಹೈಸಿ ಎಂಬ ನಮ್ಮ ಉಪಕರಣವು ಭೂಮಿಯ ಅಂಚಿನ ವಾಯುದೀಪ್ತಿಯನ್ನು ಕಾಣುವ ಬೆಳಕಿನಿಂದ ಹಿಡಿದು ಅವಕೆಂಪಿನ ಹೊಸ್ತಿಲವರೆಗೆ ಬಣ್ಣಬಣ್ಣವಾಗಿ ಬಿಡಿಸಿ ನೋಡಿತು. ಇನ್ನೊಂದು ಉಪಕರಣವಾದ ರ‍್ಯಾಬಿಟ್ ಕಳುಹಿಸುತ್ತಿದ್ದ ರೇಡಿಯೋ ಸಂಕೇತಗಳನ್ನು ತಿರುವನಂತಪುರದಿಂದ ಉತ್ತರಕ್ಕೆ ಸಾಲಾಗಿ ಇರಿಸಿದ್ದ ಗ್ರಾಹಕಗಳು ಹಿಡಿದವು. ಆ ಸಾಲಿನಲ್ಲಿ ಬೆಂಗಳೂರೂ ಒಂದು.

ಅವಕೆಂಪಿನಿಂದ ಶಾಖವನ್ನು ಹೇಗೆ ಅಳೆಯುತ್ತಾರೆಂಬುದನ್ನು ಹೇಳಲೇಬೇಕು. ಹೈಡ್ರಾಕ್ಸಿಲ್ ಕಂಪಿಸುವುದಲ್ಲದೆ ಬುಗುರಿಯಂತೆ ಸುತ್ತುತ್ತಲೂ ಇರುತ್ತದೆ. ಸುತ್ತಲಿನ ಗಾಳಿ ಬೆಚ್ಚಗಿದ್ದರೆ ವೇಗವಾಗಿ ಸುತ್ತುವ ಅಣುಗಳ ಪಾಲು ಹೆಚ್ಚು. ನಿಧಾನದವು ಒಂದು ಗೆರೆಯನ್ನು, ವೇಗದವು ಪಕ್ಕದ ಇನ್ನೊಂದು ಗೆರೆಯನ್ನು ಬೆಳಗಿಸುತ್ತವೆ. ಎರಡು ಗೆರೆಗಳ ಪ್ರಕಾಶವನ್ನು ಹೋಲಿಸಿದರೆ ಉಷ್ಣತೆ ತಿಳಿಯಿತು. ಮನುಷ್ಯನಿಗಾಗಲಿ ಬಲೂನಿಗಾಗಲಿ ಎಟುಕದ ಎಡೆಯಲ್ಲಿ ಇದು ನಮ್ಮ ಉಷ್ಣಮಾಪಕ. ಅಲ್ಲಿನ ಶೀತ ಸಾಮಾನ್ಯವಾಗಿ ಸೊನ್ನೆಗಿಂತ ಎಪ್ಪತ್ತು ಎಂಬತ್ತು ಡಿಗ್ರಿ ಕೆಳಗೆ. ೨೦೨೩ರ ನವೆಂಬರ್ ೯ರಂದು ಹೊರಟು ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಹೊರಮೈಗೆ ಜೋಡಿಸಲ್ಪಟ್ಟ ಎ.ಡಬ್ಲ್ಯು.ಇ. ಎಂಬ ಅವಕೆಂಪು ದೂರದರ್ಶಕವು ಈ ಉಪಾಯದಿಂದಲೇ ೮೭ ಕಿಲೋಮೀಟರಿನ ಪದರದ ಉಷ್ಣತೆಯ ಚಿತ್ರಗಳನ್ನು ತೆಗೆಯಿತು. ಇದರದು ಅಂಚಿನ ನೋಟವಲ್ಲ, ಕೆಳನೋಟ. ಏಕೆಂದರೆ ಅದು ಹುಡುಕುತ್ತಿದ್ದುದು ಪದರದ ಮೇಲೆ ಓಡುವ ಅಲೆಗಳನ್ನು.

ಗಾಳಿ ಬೆಟ್ಟದ ಸಾಲನ್ನು ಹತ್ತಿಳಿದಾಗ, ಅಥವಾ ಗುಡುಗಿನ ಮೋಡವೊಂದು ಭರದಿಂದ ಮೇಲೆದ್ದಾಗ, ಕೊಳಕ್ಕೆ ಕಲ್ಲು ಬಿದ್ದಂತೆ ಅಲೆಗಳೇಳುತ್ತವೆ. ಈ ಅಲೆಗಳು ಮೇಲೇರಿದಂತೆ ಗಾಳಿ ವಿರಳವಾಗುತ್ತದೆ. ಅದೇ ಶಕ್ತಿ ಕಡಿಮೆ ಗಾಳಿಯನ್ನು ಅಲುಗಿಸಬೇಕಾಗಿರುವುದರಿಂದ ತೂಗಾಟ ಹಿಗ್ಗುತ್ತದೆ. ೮೭ ಕಿಲೋಮೀಟರಿನಲ್ಲಿ ಗಾಳಿಯ ಸಾಂದ್ರತೆ ನೆಲದಲ್ಲಿರುವುದರ ಸುಮಾರು ಎರಡು ಲಕ್ಷದಲ್ಲೊಂದು ಪಾಲು. ತೂಗಾಟವು ಇದರ ವರ್ಗಮೂಲದಂತೆ ಬೆಳೆಯುವುದರಿಂದ, ದಾರಿಯಲ್ಲಿ ನಷ್ಟವಾಗದಿದ್ದಲ್ಲಿ ಕೆಳಗಿನ ಒಂದು ಮೀಟರಿನ ಅಲುಗಾಟ ಮೇಲೆ ನಾಲ್ಕುನೂರು ಮೀಟರಿಗೂ ಮೀರಬಹುದು. ೨೦೨೪ರ ಸೆಪ್ಟೆಂಬರ್ ೨೬ರಂದು ಹೆಲೀನ್ ಎಂಬ ಚಂಡಮಾರುತವು ಅಮೆರಿಕದ ಫ್ಲಾರಿಡಾ ತೀರಕ್ಕೆ ಬಡಿದಾಗ, ಅದರಿಂದ ಹೊರಟ ಅಲೆಗಳು ಉಂಗುರ ಉಂಗುರವಾಗಿ ವಾಯುದೀಪ್ತಿಯಲ್ಲಿ ಹರಡಿದುದನ್ನು ಈ ದೂರದರ್ಶಕವು ಮೇಲಿನಿಂದ ಕಂಡಿತು.

ಸೇಬರ್ ಕಂಡುದು ಇನ್ನೂ ಗಂಭೀರವಾದ ಸಂಗತಿ. ಇಂಗಾಲದ ಡೈಆಕ್ಸೈಡು ಕೆಳಗಿನ ಗಾಳಿಯನ್ನು ಬಿಸಿಮಾಡುತ್ತದೆಂದು ನಾವೆಲ್ಲರೂ ಓದಿದ್ದೇವೆ. ಮೇಲಿನ ವಿರಳ ಗಾಳಿಯಲ್ಲಿ ಅದು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಅಲ್ಲಿ ಆಮ್ಲಜನಕದ ಪರಮಾಣುಗಳ ಡಿಕ್ಕಿಯಿಂದ ಪಡೆದ ಶಕ್ತಿಯನ್ನು ಅದು ೧೫ ಮೈಕ್ರೋಮೀಟರಿನ ಅವಕೆಂಪಾಗಿ ಮಾರ್ಪಡಿಸುತ್ತದೆ. ಅದನ್ನು ತಡೆದು ಹಿಂದಿರುಗಿಸಲು ಮೇಲೆ ಹೊದಿಕೆಯಿಲ್ಲ. ಶಾಖವು ನೇರವಾಗಿ ಅಂತರಿಕ್ಷಕ್ಕೆ ಸೋರಿಹೋಗುವುದು. ಸೂರ್ಯನ ಬಿರುಗಾಳಿ ಬಂದಾಗ ನೈಟ್ರಿಕ್ ಆಕ್ಸೈಡೂ ೫.೩ ಮೈಕ್ರೋಮೀಟರಿನಲ್ಲಿ ಹೀಗೆಯೇ ಪ್ರಜ್ವಲಿಸಿ ಹೆಚ್ಚಿನ ಬಿಸಿಯನ್ನು ಹೊರಹಾಕುವುದನ್ನು ಸೇಬರ್ ೨೦೦೨ರ ಏಪ್ರಿಲಿನಲ್ಲಿ ಅಳೆದಿತ್ತು. ಆದರೆ ಬಿರುಗಾಳಿ ಬಂದುಹೋಗುವಂಥದು. ಇಂಗಾಲದ ಹೊಗೆ ವರ್ಷದಿಂದ ವರ್ಷಕ್ಕೆ ಏರುತ್ತಿರುವುದು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಳತೆಯಲ್ಲಿ ಮೇಲಿನ ವಾಯುಮಂಡಲವು ತಣ್ಣಗಾಗುತ್ತ, ತಣ್ಣಗಾದಂತೆ ಕುಗ್ಗುತ್ತ ಬಂದಿರುವುದು ಕಾಣುತ್ತದೆ. ಕುಗ್ಗಿದರೆ ಉಪಗ್ರಹಗಳು ಸುತ್ತುವ ಎತ್ತರದಲ್ಲಿ ಗಾಳಿ ಇನ್ನೂ ವಿರಳವಾಗುವುದು. ಒಡೆದ ಉಪಗ್ರಹಗಳ ಚೂರುಗಳನ್ನು ತಡೆದು, ಕೆಳಗೆಳೆದು, ಸುಟ್ಟು ಹಾಕುತ್ತಿದ್ದುದು ಆ ಅಲ್ಪ ಗಾಳಿಯೇ. ಅದು ಬಲಗುಂದಿದಷ್ಟೂ ಆ ಚೂರುಗಳು, ಸೆಕೆಂಡಿಗೆ ಏಳೂವರೆ ಕಿಲೋಮೀಟರಿನ ವೇಗದಲ್ಲಿ, ಇನ್ನಷ್ಟು ಕಾಲ ಮೇಲೆಯೇ ಸುತ್ತುತ್ತಿರುವುವು.